ಹಾಡುವ ಪೆಟ್ಟಿಗೆ ಯಾರಿಗೆ?

ಉಡುಗೊರೆಗಳಲ್ಲಿ ಎರಡು ಬಗೆ. ಕೊಟ್ಟ ದಿನ ಎಲ್ಲರ ಕೈಯಲ್ಲೂ ಸುತ್ತಾಡಿ, ಹೊಗಳಿಸಿಕೊಂಡು, ಮರುದಿನ ಬೀರುವಿನೊಳಗೆ ಸೇರುವುದು ಒಂದು ಬಗೆ. ಕೊಟ್ಟ ದಿನ ಯಾರ ಕಣ್ಣಿಗೂ ಅಷ್ಟಾಗಿ ಬೀಳದೆ, ಆಮೇಲೆ ದಿನದಿನವೂ ಬಳಕೆಗೆ ಬಂದು, ಮನೆಯವರಲ್ಲಿ ಒಬ್ಬರಂತೆ ಉಳಿದುಬಿಡುವುದು ಇನ್ನೊಂದು ಬಗೆ. ಈ ಭೇದಕ್ಕೂ ಬೆಲೆಗೂ ಸಂಬಂಧವಿಲ್ಲ. ಕೈಯಲ್ಲಿ ಹಿಡಿದು ಹಾಡು ಕೇಳುವ ಪುಟ್ಟ ಪೆಟ್ಟಿಗೆಯನ್ನು, ಎಂದರೆ ಅಂಗಡಿಯವರು ‘ಮ್ಯೂಸಿಕ್ ಪ್ಲೇಯರ್’ ಎಂದು ಕರೆಯುವ ವಸ್ತುವನ್ನು, ಪ್ರೀತಿಪಾತ್ರರಿಗೆ ಕೊಡಬೇಕೆಂದಿರುವವರು ಈ ಮಾತನ್ನು ಮೊದಲು ನೆನೆಯಬೇಕು. ಏಕೆಂದರೆ ಈ ವಸ್ತು ಮೊದಲನೆಯ ಬಗೆಗೆ ಸೇರಿಹೋಗುವ ಸಂಭವವೇ ಹೆಚ್ಚು.

ಧಾರವಾಡದ ಮನೆಯೊಂದರ ಸಂಗತಿಯನ್ನು ಇಲ್ಲಿ ಹೇಳಬಹುದು. ಆ ಮನೆಯ ಹಿರಿಯಾಕೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಧಾರವಾಡದಲ್ಲಿ ಆಕಾಶವಾಣಿಯ ಕೇಂದ್ರ ಆರಂಭವಾದದ್ದು 1950ರಲ್ಲಿ. ಆಕೆಯ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಬೆಳಗಿನ ವಚನಗಾಯನ ಕಿವಿಗೆ ಬೀಳದೆ ಆ ಅಡಿಗೆಮನೆಯಲ್ಲಿ ಒಲೆ ಹೊತ್ತಿದ ದಿನಗಳು ಕಡಿಮೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇವರ ಕಂಠಗಳು ಆಕೆಗೆ ನೆರೆಮನೆಯವರ ಕಂಠಗಳಷ್ಟೇ ಪರಿಚಿತ. ಹೀಗಿರುವಾಗ ಒಂದು ದಿನ ಗೂಡಿನಲ್ಲಿದ್ದ ಹಳೆಯ ರೇಡಿಯೋ ಮೂಕವಾಯಿತು. ರಿಪೇರಿಯವನು ಅದನ್ನು ಬಿಚ್ಚಿ ನೋಡಿ, ಇದರ ಬಿಡಿಭಾಗಗಳು ಈಗ ಸಿಗುವುದಿಲ್ಲವೆಂದು ತಲೆಯಾಡಿಸಿದನು.

ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಮಗನಿಗೆ ಈ ಸುದ್ದಿ ತಿಳಿಯಿತು. ಆತ ದೀಪಾವಳಿಗೆ ಊರಿಗೆ ಬರುವಾಗ ಒಳ್ಳೆಯ ಬೆಲೆ ತೆತ್ತು ಹೊಸ ಪ್ಲೇಯರೊಂದನ್ನು ತಂದನು. ಅಂಗೈಯಲ್ಲಿ ಅಡಗುವಷ್ಟು ಗಾತ್ರ. ಮುಂಭಾಗವೆಲ್ಲ ನುಣುಪಾದ ಗಾಜು. ಬೆರಳು ತಾಗಿಸಿದರೆ ಸಾಕು, ಬಣ್ಣಬಣ್ಣದ ಚಿತ್ರಗಳು ಸರಿದಾಡುತ್ತವೆ. ಅದರೊಳಗೆ ಸಾವಿರಾರು ಹಾಡುಗಳು. ನೆಂಟರೆಲ್ಲರೂ ನೋಡಿ ಮೆಚ್ಚಿದರು. ತಾಯಿಯೂ ಕಿವಿಗೆ ಇಟ್ಟುಕೊಂಡು ಕೇಳಿ ಸಂತೋಷಪಟ್ಟರು. ಮಗ ತೃಪ್ತನಾಗಿ ಬೆಂಗಳೂರಿಗೆ ಹಿಂತಿರುಗಿದನು.

ಯುಗಾದಿಗೆ ಮತ್ತೆ ಬಂದಾಗ ಆ ಪ್ಲೇಯರು ಬೀರುವಿನಲ್ಲಿ, ರೇಷ್ಮೆ ಸೀರೆಯ ಮಡಿಕೆಗಳ ನಡುವೆ, ತಂದ ಡಬ್ಬಿಯೊಳಗೇ ಮಲಗಿತ್ತು.

“ಯಾಕವ್ವಾ, ಚಲೋ ಇಲ್ಲೇನು ಇದು?”

“ಚಲೋ ಐತಿ, ತಮ್ಮಾ. ಆದ್ರ ಒಂದು ಹಾಡ ಹಚ್ಚಬೇಕಂದ್ರ ದಿನಾ ಬಾಜೂ ಮನಿ ಹುಡುಗೀನ್ನ ಕರೀಬೇಕು. ಆಕೀಗೂ ಅಭ್ಯಾಸ ಇರತಾವು. ಎಷ್ಟಂತ ಕರೀಲಿ?”

ಆಕೆಯ ಬೆರಳ ಗಂಟುಗಳು ವಾತದಿಂದ ಬಾಗಿದ್ದವು. ಗಾಜಿನ ಮೇಲೆ ಒಂದನ್ನು ಮುಟ್ಟಹೋದರೆ ಮತ್ತೊಂದು ತೆರೆದುಕೊಳ್ಳುತ್ತಿತ್ತು. ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದ ಕಣ್ಣಿಗೆ ಎಳ್ಳುಕಾಳಿನಂಥ ಅಕ್ಷರಗಳು ಕಾಣುತ್ತಿರಲಿಲ್ಲ. ನಲವತ್ತು ವರ್ಷ ತಾನೇ ರೇಡಿಯೋದ ತಿರುಗಣೆ ತಿರುಗಿಸಿಕೊಂಡು ಹಾಡು ಕೇಳಿದಾಕೆ, ಈಗ ಒಂದು ಹಾಡಿಗಾಗಿ ನೆರೆಮನೆಯ ಬಾಗಿಲಿನತ್ತ ನೋಡಬೇಕಾಗಿ ಬಂದಿತ್ತು. ಸಂಕೋಚ ಸಂಗೀತಕ್ಕಿಂತ ದೊಡ್ಡದಾಯಿತು. ಪೆಟ್ಟಿಗೆ ಬೀರು ಸೇರಿತು. ಮಗನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಆತ ಪೆಟ್ಟಿಗೆಯನ್ನು ಆರಿಸುವಾಗ ತನ್ನ ಬೆರಳನ್ನು, ತನ್ನ ಕಣ್ಣನ್ನು ನೆನೆದಿದ್ದನೇ ಹೊರತು ತಾಯಿಯದನ್ನಲ್ಲ.

ವಿಚಿತ್ರವೆಂದರೆ, ಈ ಜಾತಿಯ ಪೆಟ್ಟಿಗೆ ಜಗತ್ಪ್ರಸಿದ್ಧವಾದದ್ದೇ ಒಬ್ಬ ಮನುಷ್ಯನ ಅಗತ್ಯವನ್ನು ಗಮನಿಸಿದ್ದರಿಂದ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಅದನ್ನು ಬಳಸಿದ ಜೇಬಿನ ರೇಡಿಯೋ ಮಾರಾಟಕ್ಕೆ ಬಂದಿತು. ಆದರೆ ರೇಡಿಯೋದಲ್ಲಿ ಕೇಂದ್ರದವರು ಬಡಿಸಿದ್ದನ್ನು ಉಣ್ಣಬೇಕು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಕ್ಯಾಸೆಟ್ಟನ್ನು ಹೊರತಂದ ಮೇಲೆ ಬೇಕಾದ ಹಾಡನ್ನು ಬೇಕಾದಾಗ ಕೇಳುವುದು ಸುಲಭವಾಯಿತು. ಜಪಾನಿನ ಸೋನಿ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಮಸಾರು ಇಬುಕಾ ಅವರಿಗೆ ದೀರ್ಘ ವಿಮಾನಪ್ರಯಾಣದಲ್ಲಿ ಸಂಗೀತ ಕೇಳುವ ಬಯಕೆ. ಆಗಿದ್ದ ಯಂತ್ರ ಹೊತ್ತೊಯ್ಯಲು ಭಾರವಾಗಿತ್ತು. ಹಗುರವಾದದ್ದೊಂದು ಬೇಕೆಂದು ಅವರು ಕೇಳಿದರು. ತಂತ್ರಜ್ಞರು ಪತ್ರಕರ್ತರು ಬಳಸುತ್ತಿದ್ದ ಸಣ್ಣ ಧ್ವನಿಮುದ್ರಣ ಯಂತ್ರವನ್ನು ತೆಗೆದುಕೊಂಡು, ಮುದ್ರಿಸುವ ಭಾಗವನ್ನು ಕಳಚಿ, ಕೇಳಿಸುವ ಭಾಗವನ್ನು ಮಾತ್ರ ಉತ್ತಮಗೊಳಿಸಿದರು. ಮುದ್ರಿಸಲಾರದ ಯಂತ್ರವನ್ನು ಯಾರು ಕೊಳ್ಳುವರೆಂದು ಅನುಮಾನಿಸಿದವರೂ ಇದ್ದರು. 1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಆ ‘ವಾಕ್‌ಮನ್’ ಲೋಕವನ್ನೇ ಸುತ್ತಿತು. ಆ ಮೊದಲ ಮಾದರಿಯಲ್ಲಿ ಇಬ್ಬರು ಒಟ್ಟಿಗೆ ಕೇಳಲೆಂದು ಎರಡು ಕಿವಿತಂತಿಗಳಿಗೆ ಸ್ಥಳವಿತ್ತು. ಹಾಡಿನ ನಡುವೆ ಪರಸ್ಪರ ಮಾತನಾಡಲೆಂದು ಕಿತ್ತಳೆ ಬಣ್ಣದ ಗುಂಡಿಯೂ ಇತ್ತು. ಕೇಳುವವರ ಕೈ ಕಿವಿಗಳನ್ನು ನೆನೆದು ಮಾಡಿದ ವಸ್ತು ಅದು.

ಆಮೇಲೆ ಕ್ಯಾಸೆಟ್ಟು ಹೋಗಿ ಅಡಕಮುದ್ರಿಕೆ ಬಂದಿತು. ಅದೂ ಹಿಂದೆ ಸರಿದು ಹಾಡುಗಳು ಕೇವಲ ಅಂಕಿಗಳಾದವು. 2001ರಲ್ಲಿ ಆಪಲ್ ಸಂಸ್ಥೆಯ ಐಪಾಡ್ ಸಾವಿರ ಹಾಡುಗಳನ್ನು ಜೇಬಿಗಿಳಿಸಿತು. 2022ರಲ್ಲಿ ಆ ಸಂಸ್ಥೆಯೇ ಐಪಾಡನ್ನು ನಿಲ್ಲಿಸಿತು. ಅಷ್ಟು ಹೊತ್ತಿಗೆ ಆ ಕೆಲಸವನ್ನು ಮೊಬೈಲ್ ಫೋನು ಕಸಿದುಕೊಂಡಿತ್ತು. ಹಾಗಾದರೆ ಹಾಡಿಗೆಂದೇ ಬೇರೊಂದು ಪೆಟ್ಟಿಗೆ ಏತಕ್ಕೆ ಎಂಬ ಪ್ರಶ್ನೆ ಸಹಜ. ಫೋನಿನಲ್ಲಿ ಹಾಡು ಒಬ್ಬ ಬಾಡಿಗೆದಾರ ಮಾತ್ರ. ಆಲಾಪ ಆರೋಹಣದಲ್ಲಿರುವಾಗ ಸಾಲ ಬೇಕೇ ಎಂದು ಯಾರೋ ಕರೆಯುತ್ತಾರೆ. ಪರೀಕ್ಷೆಗೆ ಓದುವ ಹುಡುಗ ಒಂದು ಹಾಡಿಗೆಂದು ಕೈಗೆತ್ತಿಕೊಂಡ ಫೋನು ಒಂದು ಗಂಟೆಯನ್ನು ನುಂಗುತ್ತದೆ. ವಯಸ್ಸಾದವರಿಗೋ, ತಪ್ಪು ಗುಂಡಿ ಒತ್ತಿ ಹಣ ಹೋದೀತೆಂಬ ಭಯ. ಹಾಡನ್ನು ಬಿಟ್ಟು ಬೇರೇನನ್ನೂ ಮಾಡಲಾರದ ಪೆಟ್ಟಿಗೆಗೆ ಇಂಥವರ ಬಳಿ ಇಂದಿಗೂ ಕೆಲಸವಿದೆ.

ಅದನ್ನು ಆರಿಸುವವರು ಕೈಯಿಂದ ಆರಂಭಿಸುವುದು ಒಳ್ಳೆಯದು. ವೃದ್ಧರಿಗಾದರೆ ತಿರುಗಿಸುವ ತಿರುಗಣೆ, ಒತ್ತಿದರೆ ಟಕ್ಕೆನ್ನುವ ದಪ್ಪ ಗುಂಡಿಗಳು ಇರಬೇಕು. ಕತ್ತಲಲ್ಲಿ, ಕನ್ನಡಕವಿಲ್ಲದೆ, ಬೆರಳಿಗೆ ತಾನಾಗಿ ಸಿಗಬೇಕು. ಚಾರ್ಜು ಮಾಡುವ ತಂತಿಯ ತುದಿಯನ್ನೂ ಗಮನಿಸಬೇಕು. ಯಾವ ಬದಿ ತಿರುಗಿಸಿ ಚುಚ್ಚಿದರೂ ಹಿಡಿಯುವ ‘ಟೈಪ್ ಸಿ’ ತುದಿ ನಡುಗುವ ಕೈಗೆ ದೊಡ್ಡ ಉಪಕಾರ. ಅಂಗಡಿಯಲ್ಲಿ ಪರೀಕ್ಷಿಸುವ ಸುಲಭೋಪಾಯವೊಂದಿದೆ: ಕಣ್ಣು ಮುಚ್ಚಿಕೊಂಡು ಹಾಡನ್ನು ಆರಂಭಿಸಿ, ಸದ್ದು ಹೆಚ್ಚಿಸಿ, ನಿಲ್ಲಿಸಿ ನೋಡುವುದು. ಕೊಳ್ಳುವವನಿಗೇ ಅದು ಆಗದಿದ್ದರೆ ಎಪ್ಪತ್ತು ದಾಟಿದವರಿಗೆ ಆದೀತೆ?

ಇನ್ನು ಕಿವಿ. ವಯಸ್ಸಾದಂತೆ ಮೊದಲು ಮಂದವಾಗುವುದು ಎತ್ತರದ ಸ್ವರಗಳನ್ನು ಗ್ರಹಿಸುವ ಶಕ್ತಿ. ಹಾಡು ಕೇಳಿಸುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ಸದ್ದನ್ನು ಹೆಚ್ಚಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಶ್ರವಣಯಂತ್ರ ಧರಿಸಿದವರಿಗೆ ಕಿವಿಯೊಳಗೆ ಸಿಕ್ಕಿಸುವ ಬಿರಡೆಗಳು ಒಗ್ಗುವುದಿಲ್ಲ. ಅವರಿಗೆ ತನ್ನದೇ ಧ್ವನಿವರ್ಧಕವುಳ್ಳ ಪೆಟ್ಟಿಗೆಯೇ ಲೇಸು. ಎಳೆಯರ ಅಪಾಯ ಬೇರೆ ತೆರನಾದದ್ದು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಜೊತೆಗೂಡಿ ರೂಪಿಸಿದ ಮಾನದಂಡದಂತೆ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ 75 ಡೆಸಿಬೆಲ್ ಮಿತಿ. ಸದ್ದು ಮೂರು ಡೆಸಿಬೆಲ್ ಏರಿದಾಗಲೆಲ್ಲ ಅವಧಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಮಕ್ಕಳಿಗೆ ಕೊಡುವ ಪೆಟ್ಟಿಗೆಯಲ್ಲಿ ಸದ್ದಿಗೆ ಮೇಲ್ಮಿತಿ ಹಾಕುವ ಏರ್ಪಾಡು ಇದೆಯೇ ಎಂದು ಕೇಳದೆ ಹಣ ಎಣಿಸಬಾರದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹಾಡು. ಬರಿಯ ಪೆಟ್ಟಿಗೆಯನ್ನು ಕೊಡುವುದೆಂದರೆ ಬರಿಯ ಪಾತ್ರೆಯನ್ನು ಕೊಟ್ಟು ಊಟಕ್ಕೆ ಕರೆದಂತೆ. ಚಂದಾ ಕಟ್ಟಿ ಫೋನಿನಲ್ಲಿ ಕೇಳುವ ಹಾಡುಗಳನ್ನು ಸಾಮಾನ್ಯ ಪ್ಲೇಯರಿಗೆ ವರ್ಗಾಯಿಸಲಾಗುವುದಿಲ್ಲ. ಕೊಂಡ ಹಾಡುಗಳು, ಮನೆಯಲ್ಲಿರುವ ಅಡಕಮುದ್ರಿಕೆ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡವು, ಇವೇ ಅದಕ್ಕೆ ಆಹಾರ. ತಯಾರಕರೇ ಹಾಡುಗಳನ್ನು ತುಂಬಿ ಮಾರುವ ಪೆಟ್ಟಿಗೆಗಳೂ ಉಂಟು. 2017ರಲ್ಲಿ ಸರೆಗಮ ಸಂಸ್ಥೆ 5000 ಹಿಂದಿ ಹಾಡುಗಳಿದ್ದ ‘ಕಾರವಾಂ’ ಪೆಟ್ಟಿಗೆಯನ್ನು ತಂದಾಗ ಹಿರಿಯರು ಅದನ್ನು ಬಹಳವಾಗಿ ಮೆಚ್ಚಿಕೊಂಡರು. ಅಂಥದನ್ನು ಕೊಳ್ಳುವವರು ಅದರ ಭಾಷೆ ಯಾವುದು, ಸ್ವಂತ ಹಾಡುಗಳನ್ನು ಸೇರಿಸಲು ಅವಕಾಶವಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಸ್ವಂತ ಹಾಡುಗಳಿಗೆ ಮೆಮೊರಿ ಕಾರ್ಡು ಬೇಕು. ಸಾಧಾರಣ ಗುಣಮಟ್ಟದ ನಾಲ್ಕು ನಿಮಿಷದ ಹಾಡಿಗೆ ಸುಮಾರು 4 ಎಂಬಿ ಸ್ಥಳ ಹಿಡಿಯುವುದರಿಂದ 32 ಜಿಬಿಯ ಕಾರ್ಡಿನಲ್ಲಿ ಎಂಟು ಸಾವಿರದಷ್ಟು ಹಾಡುಗಳು ಹಿಡಿಸುತ್ತವೆ. ಅಗ್ಗದ ಎಷ್ಟೋ ಪ್ಲೇಯರುಗಳು ಅದಕ್ಕಿಂತ ದೊಡ್ಡ ಕಾರ್ಡನ್ನು ಗುರುತಿಸುವುದೂ ಇಲ್ಲ.

ಆದರೆ ಎಂಟು ಸಾವಿರ ಹಾಡು ಯಾರಿಗೆ ಬೇಕು? 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯೊಂದನ್ನು ಕೇಳಿ ಮರುಳಾದರು. 1933ರಲ್ಲಿ ಗುರುವನ್ನು ಅರಸಿ ಮನೆಬಿಟ್ಟು ಹೊರಟರು. ಅಂದಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷದ ಸಂಗೀತ ಹಿಡಿಸಿದರೆ ಹೆಚ್ಚು. ಆ ಮೂರು ನಿಮಿಷ ತಕ್ಕ ಕಿವಿಗೆ ಬಿದ್ದಿತ್ತು, ಅಷ್ಟೆ.

ಧಾರವಾಡದ ಮಗನಿಗೆ ಇದು ಅರ್ಥವಾಯಿತೆಂದು ತೋರುತ್ತದೆ. ಆತ ಎರಡನೆಯ ಸಲ ಅಂಗಡಿಗೆ ಹೋಗುವ ಮೊದಲು ಎರಡು ದಿನ ಅಡಿಗೆಮನೆಯಲ್ಲಿ ಸುಮ್ಮನೆ ಕುಳಿತು ತಾಯಿಯ ದಿನಚರಿಯನ್ನು ನೋಡಿದನು. ಬಳಿಕ ದೊಡ್ಡ ತಿರುಗಣೆಯುಳ್ಳ, ಪರದೆಯಿಲ್ಲದ, ನೋಡಲು ಹಳೆಯ ರೇಡಿಯೋದಂತೆಯೇ ಇದ್ದ ಅಗ್ಗದ ಪೆಟ್ಟಿಗೆಯೊಂದನ್ನು ಆರಿಸಿದನು. ಬೆಂಗಳೂರಿನಿಂದ ರಾತ್ರಿ ಫೋನು ಮಾಡಿ, ಯಾವ ಯಾವ ಹಾಡು ಬೇಕೆಂದು ಪಟ್ಟಿ ಬರೆದುಕೊಂಡನು. ವಚನಗಳ ಹೆಸರು ಮುಗಿದ ಮೇಲೆ ಪಿ. ಕಾಳಿಂಗರಾಯರ ಭಾವಗೀತೆಗಳು ಬಂದವು. ನಾಲ್ಕನೆಯ ರಾತ್ರಿ ಆಕೆ ಸ್ವಲ್ಪ ತಡೆದು, ಪಿ.ಬಿ. ಶ್ರೀನಿವಾಸರ ಚಿತ್ರಗೀತೆಯೊಂದನ್ನು ಹೇಳಿದರು.

“ಅವ್ವಾ, ಸಿನಿಮಾ ಹಾಡಂದ್ರ ನಿನಗ ಆಗೂದಿಲ್ಲ ಅಂದಕೊಂಡಿದ್ದೆ!”

“ನಿಮ್ಮಪ್ಪಗ ಆಗತಿದ್ದಿಲ್ಲ. ನನ್ನ ಯಾರು ಕೇಳಿದ್ರು?”

ಐವತ್ತು ವರ್ಷಗಳಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು. ಎಂಟು ರಾತ್ರಿಗಳಲ್ಲಿ ಅರವತ್ತು ಹಾಡುಗಳ ಪಟ್ಟಿ ಸಿದ್ಧವಾಯಿತು. ಕೆಲವನ್ನು ಕೊಂಡು, ಕೆಲವನ್ನು ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳಿಂದ ಇಳಿಸಿ, ಬೆಳಗು, ಮಧ್ಯಾಹ್ನ, ರಾತ್ರಿ ಎಂದು ಮೂರು ಭಾಗ ಮಾಡಿ ಮಗ ಆ ಪೆಟ್ಟಿಗೆಗೆ ತುಂಬಿದನು.

ಮೊದಲಿನ ಗಾಜಿನ ಪ್ಲೇಯರೂ ವ್ಯರ್ಥವಾಗಲಿಲ್ಲ. ನೆರೆಮನೆಯ ಹುಡುಗಿ ಗಾಯನ ಕಲಿಯುತ್ತಿದ್ದಳು. ಹಾಡಿನ ಒಂದು ತುಣುಕಿಗೆ ಆದಿ ಅಂತ್ಯ ಗುರುತಿಸಿದರೆ ಅದನ್ನೇ ಮತ್ತೆ ಮತ್ತೆ ನುಡಿಸುವ ಏರ್ಪಾಡು ಅದರಲ್ಲಿತ್ತು. ತಾನು ಗುರುತು ತಪ್ಪಿದ ತಾನವೊಂದನ್ನು ಆಕೆ ಇಪ್ಪತ್ತು ಸಲ ಕೇಳಿ ಕಲಿಯಬಹುದಿತ್ತು. ಅಜ್ಜಿ ಅದನ್ನು ಆಕೆಯ ಕೈಗಿತ್ತರು. ಒಂದೇ ವಸ್ತು ಒಬ್ಬರಿಗೆ ಹೊರೆ, ಇನ್ನೊಬ್ಬರಿಗೆ ವರ.

ಈಗ ಆ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಮನಸೂರರ ಕಂಠ ಏಳುತ್ತದೆ. ಸಂಜೆ ನೆರೆಯ ಹುಡುಗಿ ಕರೆಯದೆಯೇ ಬಂದು ಹೊಸ್ತಿಲ ಮೇಲೆ ಕುಳಿತುಕೊಳ್ಳುತ್ತಾಳೆ.

“ಅಜ್ಜೀ, ನಿನ್ನೀದು ಆ ಹಾಡು ಇನ್ನೊಮ್ಮೆ ಹಚ್ಚರಿ.”

ಅಜ್ಜಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪೆಟ್ಟಿಗೆಯತ್ತ ತಿರುಗಿಯೂ ನೋಡದೆ, ತಿರುಗಣೆಯನ್ನು ತಿರುಗಿಸುತ್ತಾರೆ.