ಕ್ಷಯವೋ, ಗಣಿ ದೂಳೋ? ಉತ್ತರಿಸುವ ವೈದ್ಯನೆಲ್ಲಿ

ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಪತ್ತೆ ಹಚ್ಚಿದ ಸಿ. ಬೀಡನ್ ಇತಿಹಾಸಕಾರರಲ್ಲ, ಚಿನ್ನದ ಗಣಿಯ ಎಂಜಿನಿಯರ್. ಈ ಸೀಮೆಗೂ ಚಿನ್ನಕ್ಕೂ ಅಂಥ ನಂಟು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಗಣಿ ಕೆಲಸ ನಡೆದಿದೆ. ಅದಿರಿನೊಡನೆ ಏಳುವ ಕಲ್ಲುದೂಳಿನ ವಿಚಾರ ಮಾತ್ರ ಚರ್ಚೆಗೆ ಬರುವುದು ಅಪರೂಪ.

ಕೋಲಾರದ ಗಣಿಗಳಲ್ಲಿ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆಗೆ ಒಳಪಡಿಸಿದ ಕ್ಯಾಪ್ಲನ್ ಮತ್ತು ಬರ್ಡನ್ ಅವರ 1947ರ ವರದಿಯು, ಅವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇರುವುದನ್ನು ಗುರುತಿಸಿತ್ತು. ಈ ರೋಗದ ಮರ್ಮ ಅಡಗಿರುವುದು ದೇಹದ ರೋಗನಿರೋಧಕ ವ್ಯವಸ್ಥೆಯಲ್ಲಿ. ಶ್ವಾಸಕೋಶದ ಕಾವಲು ಜೀವಕೋಶಗಳು ಸಿಲಿಕಾ ಕಣಗಳನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರದೆ ಸಾಯುತ್ತವೆ. ಹೊರಬಿದ್ದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಹೀಗೆ ಗಾಯ ಬೆಳೆಯುತ್ತದೆ, ಕೆಲಸ ಬಿಟ್ಟ ಮೇಲೂ! ಕ್ಷಯದ ರೋಗಾಣುವನ್ನು ತಡೆಯಬೇಕಾದುದೂ ಇದೇ ಕೋಶಗಳು. ಆದಕಾರಣ ದೂಳು ಕುಡಿದವನಿಗೆ ಕ್ಷಯ ಬೇಗ ತಗಲುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಬಗೆಯಾಗಿ ತೋರಬಹುದು. ಕ್ಷಯಕ್ಕೆ ಔಷಧವಿದೆ, ಸಿಲಿಕೋಸಿಸ್ ಗುಣವಾಗುವುದಿಲ್ಲ. ಚೀಟಿಯಲ್ಲಿ ಬರೀ ‘ಕ್ಷಯ’ ಎಂದು ಬರೆದರೆ, ಔದ್ಯೋಗಿಕ ರೋಗಕ್ಕೆ ಸಲ್ಲಬೇಕಾದ ಪರಿಹಾರವೂ ಕೈತಪ್ಪುತ್ತದೆ.

ಈ ಗಂಟನ್ನು ಬಿಡಿಸಲು ರೋಗಿಯನ್ನು ನೋಡುವ ವೈದ್ಯನೇ ಸಂಶೋಧಕನೂ ಆಗಿರಬೇಕು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಶ್ವಾಸಕೋಶ ತಜ್ಞ ಡಾ. ಪಿ.ಎ. ಮಹೇಶ ಮತ್ತು ಸಂಗಡಿಗರು ಹಳ್ಳಿಯ ಹೆಂಗಸರು ಸೌದೆ ಒಲೆಯ ಮುಂದೆ ಕಳೆದ ವರ್ಷ, ಗಂಟೆಗಳನ್ನು ಲೆಕ್ಕ ಹಾಕಿ, ದೀರ್ಘಕಾಲದ ಕಫದ ಕೆಮ್ಮಿಗೂ ಹೊಗೆಗೂ ಇರುವ ಸಂಬಂಧವನ್ನು ಅಳೆದರು. ಆಸ್ಪತ್ರೆಯ ಸುತ್ತಲಿನ ಊರೇ ಅವರ ಪ್ರಯೋಗಶಾಲೆ. ಅದೇ ಲೆಕ್ಕವನ್ನು ಹಟ್ಟಿಯ ಗಣಿ ಕಾರ್ಮಿಕನಿಗೂ, ಸಿಂಧನೂರಿನ ಅಕ್ಕಿ ಗಿರಣಿಯ ಹಮಾಲನಿಗೂ ಹಾಕಬಹುದಲ್ಲವೆ?

ಅಡ್ಡಿಯಿರುವುದು ತರಬೇತಿಯಲ್ಲಿ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂ.ಡಿ.ಗೆ ಮೂರು, ಬಳಿಕ ಪಿಎಚ್‌.ಡಿ. ಎಂದರೆ ಮತ್ತೆ ಮೂರು ನಾಲ್ಕು. ಅಷ್ಟು ಹೊತ್ತಿಗೆ ಓರಗೆಯವರು ನರ್ಸಿಂಗ್ ಹೋಂ ಕಟ್ಟಿಸಿರುತ್ತಾರೆ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, 371ಜೆ ವಿಧಿಯಿಂದ ಸ್ಥಳೀಯರಿಗೆ ಸೀಟುಗಳೂ ದೊರೆತಿವೆ. ಏಮ್ಸ್‌ಗಾಗಿ 2022ರಲ್ಲಿ ಧರಣಿಯೂ ಆರಂಭವಾಯಿತು. ಬೇಡಿಕೆ ನ್ಯಾಯವಾದುದೇ. ಆದರೆ ಕಟ್ಟಡ ಬರುವವರೆಗೆ ಕಾಯಬೇಕಿಲ್ಲ: ಸಂಶೋಧನೆಗೆ ಸಂಬಳ ಸಹಿತ ಬಿಡುವು, ಕಾರ್ಮಿಕನ ಕೆಲಸದ ಚರಿತ್ರೆಯನ್ನೂ ಕೇಳುವ ಎದೆರೋಗ ಚಿಕಿತ್ಸಾಲಯ, ನಿವೃತ್ತರ ಎಕ್ಸ್‌ರೇಗಳ ಜೋಪಾನ, ಇಷ್ಟಕ್ಕೆ ಈಗಿರುವ ಕಾಲೇಜೇ ಸಾಕು.