ಪ್ರಳಯಕ್ಕೆ ಸಾಕ್ಷಿ ಹೇಳಬೇಕಾದ್ದು ಮಣ್ಣು



ನಿಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹಿಂದೂ ಮಹಾಸಾಗರದ ‘ಮಹಾಪ್ರಳಯ’ದ ಬಗ್ಗೆ ಬಂದ ಲೇಖನ ಓದಿದೆ. ಸುಮಾರು 4,800 ವರ್ಷಗಳ ಹಿಂದೆ ಮಡಗಾಸ್ಕರ್‌ನ ಆಗ್ನೇಯಕ್ಕೆ ಧೂಮಕೇತುವೊಂದು ಸಮುದ್ರಕ್ಕೆ ಬಿದ್ದು, ನೂರಾರು ಮೀಟರ್ ಎತ್ತರದ ಅಲೆ ಎದ್ದಿತು, ಮನುವಿನ ಕಾಲದ ಜಲಪ್ರಳಯ ಅದೇ ಎಂಬುದು ‘ಸಾಬೀತಾಗಿದೆ’ ಎಂದು ಅದರಲ್ಲಿತ್ತು. ಬಹುಕಾಲ ಭೂವಿಜ್ಞಾನ ಪಾಠ ಮಾಡಿದ ನನಗೆ ಈ ಮಾತನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಅದು ಸಾಬೀತಾಗಿಲ್ಲ.

ಪುರಾಣದ ಬಗ್ಗೆ ನನ್ನ ತಕರಾರಿಲ್ಲ. ಮತ್ಸ್ಯಾವತಾರದ ಕಥೆಯನ್ನು ನಾನೂ ಮೊಮ್ಮಕ್ಕಳಿಗೆ ಹೇಳುತ್ತೇನೆ. ತಕರಾರು ಇರುವುದು ‘ಸಾಬೀತು’ ಎಂಬ ಪದದ ಮೇಲೆ.

ಆ ಧೂಮಕೇತು ಬಿದ್ದ ಜಾಗವೆಂದು ಲೇಖನ ಹೇಳಿದ ಬರ್ಕಲ್ ಹೊಂಡ ಸಮುದ್ರದಡಿಯಲ್ಲಿ ಸುಮಾರು 3,800 ಮೀಟರ್ ಆಳದಲ್ಲಿದೆ, ಅಗಲ 30 ಕಿಲೋಮೀಟರ್‌ನಷ್ಟು. ಅಮೆರಿಕದ ಡಲಾಸ್ ಆ್ಯಬಟ್ ಮತ್ತು ಸಂಗಡಿಗರು ಅದು ಆಕಾಶಕಾಯ ಅಪ್ಪಳಿಸಿ ಆದ ಹೊಂಡವೆಂದು ಊಹಿಸಿದರು. ಮಡಗಾಸ್ಕರ್‌ನ ದಕ್ಷಿಣ ಕರಾವಳಿಯಲ್ಲಿರುವ ಬಾಣದ ಮೊನೆಯಾಕಾರದ ಭಾರೀ ಮರಳ ದಿಣ್ಣೆಗಳನ್ನು ಆ ಅಲೆ ತಂದು ಸುರಿದದ್ದೆಂದರು. ಊಹೆ ಮುಂದಿಡುವುದು ತಪ್ಪಲ್ಲ, ವಿಜ್ಞಾನ ಹೊರಡುವುದೇ ಅಲ್ಲಿಂದ. ಆದರೆ 2009ರಲ್ಲಿ ಭೂವಿಜ್ಞಾನಿಗಳಾದ ಜೋವಾನ್ ಬೂರ್ಜ್ವಾ ಮತ್ತು ರಾಬರ್ಟ್ ವೈಸ್ ಆ ಊಹೆಯನ್ನು ಲೆಕ್ಕಕ್ಕೆ ಹಚ್ಚಿ ನೋಡಿದರು. ದೊಡ್ಡ ಅಲೆ ದಡದ ಹತ್ತಿರ ಬಂದಂತೆ ದಡಕ್ಕೆ ನೇರವಾಗಿ ತಿರುಗುತ್ತದೆ. ಈ ದಿಣ್ಣೆಗಳ ಮೊನೆಗಳಾದರೋ ಅಲ್ಲಿ ಸದಾ ಬೀಸುವ ಗಾಳಿಯ ದಿಕ್ಕನ್ನು ಹಿಡಿದಿವೆ. ಅಷ್ಟು ರಭಸದ ನೀರಿನಲ್ಲಿ ಅಂಥ ಮರಳು ತೇಲಿಕೊಂಡು ಹೋಗಬೇಕಿತ್ತು, ಸಾಲು ದಿಣ್ಣೆಯಾಗಿ ನಿಲ್ಲಬೇಕಿರಲಿಲ್ಲ. ಅವು ಗಾಳಿ ಕಟ್ಟಿದ ದಿಣ್ಣೆಗಳು ಎಂಬುದು ಅವರ ತೀರ್ಮಾನ. ಬರ್ಕಲ್ ಉಲ್ಕಾಹೊಂಡವೆಂದು ಇಂದಿಗೂ ದೃಢಪಟ್ಟಿಲ್ಲ. ನಿಮ್ಮ ಲೇಖನದಲ್ಲಿ ಈ ಎರಡನೆಯ ಅಧ್ಯಾಯದ ಸುಳಿವೇ ಇರಲಿಲ್ಲ.

ಹಾಗಾದರೆ ಹಳೆಯ ಸುನಾಮಿಯ ಗುರುತು ಹೇಗಿರುತ್ತದೆ? ಹೆಚ್ಚಾಗಿ ಅದು ಅಂಗೈ ಅಗಲದಷ್ಟೂ ದಪ್ಪವಿಲ್ಲದ ಒಂದು ಮರಳ ಪದರ. ಕಪ್ಪು ಜೌಗುಮಣ್ಣಿನ ನಡುವೆ ಬಿಳಿ ಗೆರೆಯಂತೆ ಕಾಣುತ್ತದೆ. ಸಮುದ್ರದಿಂದ ಒಳಕ್ಕೆ ಹೋದಂತೆ ತೆಳುವಾಗುತ್ತದೆ, ಮರಳಿನ ಕಣ ಸಣ್ಣದಾಗುತ್ತದೆ. ಅದರಲ್ಲಿ ಕಡಲಲ್ಲಷ್ಟೇ ಬದುಕುವ ಸೂಕ್ಷ್ಮಜೀವಿಗಳ ಚಿಪ್ಪುಗಳು ಸಿಗುತ್ತವೆ. ಚಂಡಮಾರುತವೂ ಇಂಥ ಪದರ ಹಾಕಬಲ್ಲದು. ಆದ್ದರಿಂದ ಒಂದೇ ಗುಂಡಿ ತೋಡಿ ತೀರ್ಪು ಕೊಡುವಂತಿಲ್ಲ. ಅನೇಕ ಕಡೆ ತೋಡಬೇಕು, ಕಾಲ ಅಳೆಯಬೇಕು, ದೂರದೂರದ ಊರುಗಳ ಪದರಗಳು ಒಂದೇ ಕಾಲದವೋ ಎಂದು ತಾಳೆ ನೋಡಬೇಕು. 2004ರ ಸುನಾಮಿಯ ಬಳಿಕ ಥಾಯ್ಲೆಂಡಿನ ಫ್ರಾ ಥಾಂಗ್ ದ್ವೀಪದಲ್ಲಿ ಹೀಗೆಯೇ ಮಾಡಿದರು. ಹೊಸ ಮರಳಿನ ಕೆಳಗೆ, ಜೌಗುಮಣ್ಣಿನ ನಡುವೆ, ಅದೇ ಬಗೆಯ ಹಳೆಯ ಪದರಗಳು ಸಿಕ್ಕವು. ಅವುಗಳಲ್ಲಿ ತೀರ ಈಚಿನದು 550ರಿಂದ 700 ವರ್ಷ ಹಿಂದಿನದು. ಆ ಕರಾವಳಿಯ ಜನ ‘ಇಲ್ಲಿ ಇಂಥದ್ದು ಎಂದೂ ಆಗಿಲ್ಲ’ ಎಂದುಕೊಂಡಿದ್ದರು. ನೆಲಕ್ಕೆ ಮಾತ್ರ ನೆನಪಿತ್ತು.

ಇನ್ನು ಮಹಾಪ್ರವಾಹ ಎಂದ ಕೂಡಲೇ ಕಟ್ಟುಕಥೆ ಎಂದು ತಳ್ಳಿಹಾಕುವವರಿಗೂ ನಾನು ಹೇಳಬೇಕಾದದ್ದಿದೆ. 1923ರಲ್ಲಿ ಅಮೆರಿಕದ ಜೆ. ಹಾರ್ಲನ್ ಬ್ರೆಟ್ಜ್, ವಾಷಿಂಗ್ಟನ್ ರಾಜ್ಯದ ಪೂರ್ವಭಾಗದ ಬೋಳು ಬಸಾಲ್ಟ್ ಕಣಿವೆಗಳನ್ನು ಒಂದು ಭಾರೀ ಪ್ರವಾಹ ಕೊರೆದಿದೆ ಎಂದು ಬರೆದರು. ಎಲ್ಲವೂ ನಿಧಾನವಾಗಿ ಸವೆದು ಆಗುವುದೆಂದು ನಂಬಿದ್ದ ಹಿರಿಯ ಭೂವಿಜ್ಞಾನಿಗಳು 1927ರ ಸಭೆಯಲ್ಲಿ ಅವರ ಮೇಲೆ ಮುಗಿಬಿದ್ದರು. ಅಷ್ಟು ನೀರು ಎಲ್ಲಿಂದ ಬಂತು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಭೂವಿಜ್ಞಾನಿ ಜೋಸೆಫ್ ಪಾರ್ಡಿ ಅವರಲ್ಲಿತ್ತು. ಹಿಮಯುಗದಲ್ಲಿ ಹಿಮಗಡ್ಡೆಯ ಒಡ್ಡಿನ ಹಿಂದೆ ಮಿಸೌಲಾ ಎಂಬ ಮಹಾಸರೋವರ ನಿಂತಿತ್ತು. ಒಡ್ಡು ಒಡೆದಾಗ ಅದರ ತಳದಲ್ಲಿ ನೀರು ನುಗ್ಗಿ ಮೂಡಿಸಿದ 20–30 ಅಡಿ ಎತ್ತರದ ಜಲ್ಲಿಯ ಅಲೆಗೆರೆಗಳನ್ನು ಪಾರ್ಡಿ 1940ರಲ್ಲಿ ವಿವರಿಸಿದರು. ಒಡ್ಡು ಒಡೆದದ್ದು ಒಂದು ಸಲವಲ್ಲ, ಹತ್ತಾರು ಸಲ ಎಂದು ಆಮೇಲೆ ತಿಳಿಯಿತು. ಬ್ರೆಟ್ಜ್ ಅವರಿಗೆ ಭೂವಿಜ್ಞಾನದ ಗೌರವವಾದ ಪೆನ್ರೋಸ್ ಪದಕ ಸಂದಾಗ 1979, ವಯಸ್ಸು ತೊಂಬತ್ತೈದು ದಾಟಿತ್ತು. ಅವರನ್ನು ಗೆಲ್ಲಿಸಿದ್ದು ಹಟವಲ್ಲ. ಪ್ರತಿ ಕಣಿವೆಯನ್ನೂ ನಡೆದು ನೋಡಿ ಬರೆದಿಟ್ಟ ವಿವರ ಅವರನ್ನು ಗೆಲ್ಲಿಸಿತು. ಅದೇ ಪರೀಕ್ಷೆಯಲ್ಲಿ ಮಡಗಾಸ್ಕರ್‌ನ ದಿಣ್ಣೆಗಳು ಸೋತವು.

ಇದೆಲ್ಲ ಪಂಡಿತರ ಜಗಳ, ನಮಗೇನು ಎಂದು ಓದುಗರು ಕೇಳಬಹುದು. ಜಪಾನಿನ ಸೆಂಡಾಯ್ ಬಯಲನ್ನು ನೆನೆಯಿರಿ. 869ರಲ್ಲಿ ಅಲ್ಲಿ ಸಮುದ್ರ ನುಗ್ಗಿ ಸಾವಿರ ಜನ ಸತ್ತರೆಂದು ಹಳೆಯ ರಾಜವೃತ್ತಾಂತ ಬರೆದಿಟ್ಟಿತ್ತು. ಆ ಮರಳ ಪದರವನ್ನು ಸಂಶೋಧಕರು ಗದ್ದೆಗಳಡಿಯಲ್ಲಿ ಕಿಲೋಮೀಟರ್‌ಗಟ್ಟಲೆ ಒಳಗೆ ಪತ್ತೆ ಹಚ್ಚಿದರು. 2009ರಲ್ಲಿ ಭೂವಿಜ್ಞಾನಿ ಯುಕಿನೊಬು ಒಕಾಮುರಾ ಈ ಸಾಕ್ಷ್ಯವನ್ನು ಅಣುಸ್ಥಾವರಗಳ ಸುರಕ್ಷತೆಯ ಕುರಿತ ಸರ್ಕಾರದ ಪರಿಶೀಲನಾ ಸಭೆಯಲ್ಲಿ ಎತ್ತಿದರು. ಫುಕುಶಿಮಾ ಅಣುಸ್ಥಾವರದ ಲೆಕ್ಕಾಚಾರ ಆಗಲೂ ಸುಮಾರು 6 ಮೀಟರ್ ಅಲೆಗೇ ನಿಂತಿತ್ತು. 2011ರ ಮಾರ್ಚ್ 11ರಂದು ಬಂದ ನೀರು 14 ಮೀಟರ್ ಮುಟ್ಟಿತು. ಆ ದಿನ ಜಪಾನಿನಲ್ಲಿ ಸತ್ತವರು, ಕಾಣೆಯಾದವರು 18,000ಕ್ಕೂ ಹೆಚ್ಚು. ಅನಂತರ ಅಳೆದಾಗ ಇನ್ನೊಂದು ಪಾಠ ಸಿಕ್ಕಿತು. ಸೆಂಡಾಯ್‌ನಲ್ಲಿ ನೀರು ನಾಲ್ಕು ಕಿಲೋಮೀಟರ್‌ಗೂ ಒಳಗೆ ಹೋಗಿದ್ದರೂ ಕಣ್ಣಿಗೆ ಕಾಣುವ ಮರಳ ಪದರ ಸುಮಾರು ಮೂರು ಕಿಲೋಮೀಟರ್‌ಗೇ ಮುಗಿದಿತ್ತು. ಅಂದರೆ ಹಳೆಯ ಪದರ ನಿಂತ ಜಾಗವೇ ನೀರಿನ ಕೊನೆ ಎಂದು ನಂಬಿ ಮನೆ ಕಟ್ಟುವಂತಿಲ್ಲ.

ಅರಬ್ಬೀ ಸಮುದ್ರಕ್ಕೂ ಸುನಾಮಿ ಹೊಸತಲ್ಲ. 1945ರ ನವೆಂಬರ್ ಕೊನೆಯಲ್ಲಿ ಇಂದಿನ ಪಾಕಿಸ್ತಾನದ ಮಕ್ರಾನ್ ತೀರದ ಭೂಕಂಪದಿಂದ ಎದ್ದ ಅಲೆ ಕಛ್, ಮುಂಬಯಿಗಳವರೆಗೂ ಬಂದಿತ್ತು. ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ 2007ರಿಂದ ಕಾವಲು ಕಾಯುತ್ತಿದೆ. ಆದರೆ ಸಾವಿರ ವರ್ಷಗಳಲ್ಲಿ ನಮ್ಮ ತೀರಕ್ಕೆ ಎಷ್ಟು ಸಲ ಏನು ಬಂದಿತ್ತು ಎಂಬುದನ್ನು ಯಾವ ಯಂತ್ರವೂ ಹೇಳದು. ಅದನ್ನು ಅಳಿವೆಗಳ ಕೆಸರನ್ನೇ ಕೇಳಬೇಕು.

ಆದ್ದರಿಂದ ನನ್ನದು ಎರಡು ಕೋರಿಕೆ. ಪತ್ರಿಕೆಯವರು ಇಂಥ ಲೇಖನ ಅಚ್ಚು ಹಾಕುವ ಮೊದಲು ಮೂರು ಪ್ರಶ್ನೆ ಕೇಳಲಿ: ಪದರ ಎಲ್ಲೆಲ್ಲಿ ಸಿಕ್ಕಿದೆ? ಕಾಲ ಹೇಗೆ ಅಳೆದರು? ಒಪ್ಪದವರು ಏನೆನ್ನುತ್ತಾರೆ? ಎರಡನೆಯದು, ನಮ್ಮ ವಿಶ್ವವಿದ್ಯಾಲಯಗಳೂ ಸರ್ಕಾರವೂ ಕಾರವಾರದಿಂದ ಉಳ್ಳಾಲದವರೆಗೆ, ಅಘನಾಶಿನಿ, ಗಂಗೊಳ್ಳಿಯಂಥ ಅಳಿವೆಗಳಲ್ಲಿ ವ್ಯವಸ್ಥಿತವಾಗಿ ಕೊಳವೆ ಇಳಿಸಿ ಮಣ್ಣಿನ ಪದರಗಳನ್ನು ಓದಿಸಲಿ. ಬಂದರು, ರಸ್ತೆ, ವಸತಿಗಳ ನಕ್ಷೆ ಬರೆಯುವ ಮೊದಲೇ ಆ ಓದು ಕೈಯಲ್ಲಿರಲಿ. ಪ್ರಳಯದ ಕಥೆ ನಮ್ಮನ್ನು ಹೆದರಿಸಬಹುದು, ಕಾಪಾಡಬಲ್ಲದ್ದು ಆ ಬಿಳಿ ಗೆರೆಯ ತಿಳಿವಳಿಕೆ ಮಾತ್ರ.

ಇತಿ,
ಒಬ್ಬ ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಕುಂದಾಪುರ