ರಂಗದಿಂದ ಮನೆಯಂಗಳಕ್ಕೆ

ಮಹನೀಯರ ಜೀವನವನ್ನು ಕುರಿತ ನಾಟಕವು ಕಿರುತೆರೆಗೆ ಬಂದೊಡನೆ ಸತ್ತ್ವಹೀನವಾಗುವುದೆಂಬುದು ಕೆಲವರ ವಾದ. ಅದು ಒರೆಗಲ್ಲಿಗೆ ನಿಲ್ಲದ ಮಾತು. ಗಣಿತಜ್ಞ ಅಲನ್ ಟ್ಯೂರಿಂಗರನ್ನು ಕುರಿತ ಹ್ಯೂ ವೈಟ್‌ಮೋರರ ‘ಬ್ರೇಕಿಂಗ್ ದ ಕೋಡ್’ 1986ರಲ್ಲಿ ರಂಗವೇರಿತು. 1996ರಲ್ಲಿ ಹರ್ಬರ್ಟ್ ವೈಸ್ ಅದನ್ನು ದೂರದರ್ಶನ ಚಿತ್ರವಾಗಿಸಿದರು. ರಂಗದ ಮೇಲೆ ಟ್ಯೂರಿಂಗರಾಗಿದ್ದ ಡೆರೆಕ್ ಜಾಕೋಬಿಯವರೇ ಅಲ್ಲಿಯೂ ನಟಿಸಿದರು. ಕೊನೆಯ ಸಾಲಿನವರಿಗೂ ಕೇಳಿಸಬೇಕಿದ್ದ ತೊದಲನ್ನು ಕ್ಯಾಮೆರಾ ತುಟಿಯಂಚಿನಲ್ಲಿಯೇ ಹಿಡಿಯಿತು. ಇದು ಕುಂದೇ?

1952ರಲ್ಲಿ ತಮ್ಮ ಮನೆಯ ಕಳವಿನ ಬಗ್ಗೆ ದೂರಿತ್ತ ಟ್ಯೂರಿಂಗರನ್ನೇ, ಸಲಿಂಗಪ್ರೇಮದ ಕಾರಣಕ್ಕಾಗಿ, ಇಂಗ್ಲೆಂಡಿನ ಕಾನೂನು ಅಪರಾಧಿಯೆಂದಿತು. ಮನೆಯೊಳಗೆ ನುಗ್ಗಿದ ಅನ್ಯಾಯದ ಕಥೆಯು ಮನೆಮನೆಯಲ್ಲಿಯೂ ಕಾಣುವುದೇ ನ್ಯಾಯ. ಟಿಕೆಟ್ ಕೊಂಡವರಷ್ಟೇ ಮರುಗಿದರೆ ಸಾಲದು. ಅಂಥ ಕಾನೂನನ್ನು ಸಹಿಸಿಕೊಂಡಿದ್ದ ಸಮಾಜವೇ ನೋಡಬೇಕು. ನಾಟಕವು ಅಲ್ಲಿ ಕಿರಿದಾಗಲಿಲ್ಲ. ಸೇರಬೇಕಾದ ಮನೆಯನ್ನು ಸೇರಿತು.